ನಾಲ್ಕು ತಾಸಿನ ಹಾದಿ

ಕುವೈತ್
೨೨ ಜನವರಿ ೧೯೯೦

ಅಕ್ಕನಿಗೆ ಇಸಾಕನ ಸಲಾಮು.

ಸುಖವಾಗಿ ಬಂದು ಮುಟ್ಟಿದೆ. ಹೊರಡುವ ದಿನ ನೀನು ಶಾಲೆಗೆ ರಜೆ ಹಾಕಿ ಬಾಗಿಲಲ್ಲಿ ನಿಂತದ್ದು ಇನ್ನೂ ಕಣ್ಣ ಮುಂದಿದೆ. ಅವ್ವ ಅಪ್ಪ ಹೋದಮೇಲೆ ನನ್ನನ್ನು ಬೆಳೆಸಿದವಳು ನೀನು. ನೀನು ಅತ್ತರೆ ನಾನು ಲಾರಿ ಹತ್ತುತ್ತಿರಲಿಲ್ಲ, ಅದಕ್ಕೇ ಅಳಲಿಲ್ಲ ಎಂದು ಗೊತ್ತು.

ಮುಂಬಯಿಯವರೆಗೆ ಮೈಲಪ್ಪಣ್ಣನ ಲಾರಿಯಲ್ಲೇ ಹೋದೆ. ಅವನ ಕೈಕೆಳಗೆ ಕ್ಲೀನರ್ ಆಗಿದ್ದ ಕಾಲ ನೆನಪಾಯಿತು. ಮೆಣಸಿನಕಾಯಿ ಚೀಲದ ಘಾಟು ಅದೇ, ಅವನ ಬೈಗಳೂ ಅವೇ. ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾತಾರಾ. ಖಂಡಾಲಾ ಘಾಟಿನಲ್ಲಿ ಮುಂದಿನ ಲಾರಿ ಕೆಟ್ಟು ನಿಂತು ಅರ್ಧ ದಿನ ಅಲ್ಲೇ ಹೋಯಿತು. ಮಸ್ಜಿದ್ ಬಂದರಿನ ಮೆಣಸಿನಕಾಯಿ ಪೇಟೆಗೆ ಮುಟ್ಟುವಾಗ ಎರಡನೆಯ ದಿನದ ಸಂಜೆ. ಮುಂಬಯಿಯಿಂದ ಇಲ್ಲಿಗೆ ವಿಮಾನ ತಂದುಬಿಟ್ಟದ್ದು ಮಾತ್ರ ನಾಲ್ಕೇ ತಾಸಿನಲ್ಲಿ. ದೂರ ನೋಡಿದರೆ ಬ್ಯಾಡಗಿಯಿಂದ ಮುಂಬಯಿಗೆ ಇರುವುದರ ನಾಲ್ಕು ಪಟ್ಟಂತೆ, ಪಕ್ಕದಲ್ಲಿ ಕೂತಿದ್ದ ಭಟ್ಕಳದವನು ಹೇಳಿದ. ಸ್ಟೇರಿಂಗ್ ಹಿಡಿದು ಬದುಕಿದವನಿಗೆ ಇದು ನಂಬುವ ಮಾತಲ್ಲ. ಕೆಳಗೆ ನೋಡಿದರೆ ರಸ್ತೆ ಇಲ್ಲ, ಗೇಟು ಇಲ್ಲ, ಬರೀ ಸಮುದ್ರ.

ಗಂಡ ಬಿಟ್ಟು ಹೊರಟನೆಂದು ರಹಿಮತ ನನ್ನ ಜತೆ ಎರಡು ದಿನ ಸರಿಯಾಗಿ ಮಾತಾಡಿರಲಿಲ್ಲ. ಕೊನೆಗೆ ನಾನೇ ಹೇಳಿದೆ: “ನಾಕ್ ತಾಸಿನ ಹಾದಿ ಐತಿ. ಒಂದು ಟೆಲಿಗ್ರಾಂ ಬರ್ಲಿ, ಲಗೂನ ಬಂದು ನಿನ್ನ ಮುಂದ ನಿಂದ್ರತೇನಿ.” ಅಷ್ಟಕ್ಕೆ ನಕ್ಕಳು. ಅವಳನ್ನು ನಿನ್ನ ಹತ್ತಿರವೇ ಇಟ್ಟುಕೋ. ನಾಳೆಯಿಂದ ಮತ್ತೆ ನೀರಿನ ಟ್ಯಾಂಕರ್ ಓಡಿಸುವ ಕೆಲಸ.

ನಿನ್ನ ತಮ್ಮ
ಇಸಾಕ


ಬ್ಯಾಡಗಿ
೨ ಏಪ್ರಿಲ್ ೧೯೯೦

ಪ್ರೀತಿಯ ತಮ್ಮ ಇಸಾಕನಿಗೆ,

ಈ ಸುದ್ದಿಯನ್ನು ಬರೆಯಲು ರಹಿಮತ ನನ್ನನ್ನು ಮೂರು ಸಲ ಕೂಡಿಸಿ ಮೂರು ಸಲ ಎಬ್ಬಿಸಿದಳು, ನಾಚಿಕೆಗೆ. ನೀನು ತಂದೆಯಾಗುತ್ತಿದ್ದೀಯ. ಆಗಸ್ಟ್ ಕೊನೆಗೆ ಎಂದು ಡಾಕ್ಟರಮ್ಮ ಹೇಳಿದ್ದಾರೆ. ರಂಜಾನ್ ಶುರುವಾಗಿದೆ. ಇವಳು ರೋಜಾ ಹಿಡಿಯುತ್ತೇನೆಂದು ಹಟ ಮಾಡಿದಳು, ನಾನು ಬಿಡಲಿಲ್ಲ. ಪೇಟೆಗೆ ಹೊಸ ಮಾಲು ಬಂದು ಊರೆಲ್ಲ ಸೀನುತ್ತಿದೆ. ಇವಳು ಸೀನಿದರೆ ಹೊಟ್ಟೆ ಹಿಡಿದುಕೊಳ್ಳುತ್ತಾಳೆ, ಒಳಗಿನದು ಎಲ್ಲಿ ಎಚ್ಚರವಾಗುವುದೋ ಎನ್ನುವ ಹಾಗೆ.

ಮೊನ್ನೆ ಶಾಲೆಯಿಂದ ಭೂಪಟ ತಂದಿದ್ದೆ. ಮುಂಬಯಿ ಎಲ್ಲಿ, ನೀನಿರುವುದು ಎಲ್ಲಿ ಎಂದು ತೋರಿಸಿದೆ. ಬೆರಳಿಟ್ಟು ಅಳೆದು ನೋಡಿ, “ಇಷ್ಟ ಏನ್ರಿ ಅಕ್ಕಾ?” ಎಂದಳು. ಆಮೇಲೆ ನಿನಗೆ ಬರೆಯಲೇಬೇಕು ಎಂದು ಹೇಳಿಸಿದ ಮಾತು ಇದು: “ಹೆರಿಗಿ ಹೊತ್ತಿಗೆ ಬಂದ ಬರ್ತೇನಿ ಅಂತ ಒಂದು ಮಾತು ಬರದ ಕಳಸ್ರಿ. ನಾಕ್ ತಾಸಿನ ಹಾದಿ ಅಂತ ನೀವ ಹೇಳೀರಿ.”

ಏಳು ತಿಂಗಳು ತುಂಬಿದ ಮೇಲೆ ತವರಿಗೆ, ಗುತ್ತಲಕ್ಕೆ ಕಳಿಸಬೇಕು. ಅವಳ ತಂದೆ ಯೂಸುಫಸಾಬರು ಈಗಲೇ ಬಂದು ಹೇಳಿ ಹೋಗಿದ್ದಾರೆ. ಬರುವುದು ಆಗುವುದಿದ್ದರೆ ಮಾತ್ರ ಮಾತು ಕೊಡು.

ನಿನ್ನ ಅಕ್ಕ
ಹಾಜಿರಾಬಿ


ಕುವೈತ್
೩ ಜುಲೈ ೧೯೯೦

ಅಕ್ಕನಿಗೆ,

ರಜೆ ಸಿಕ್ಕಿತು. ಆಗಸ್ಟ್ ಹದಿನಾರರ ವಿಮಾನ. ಟಿಕೆಟ್ ಕೈಯಲ್ಲಿದೆ, ದಿನಕ್ಕೊಂದು ಸಲ ತೆಗೆದು ನೋಡುತ್ತೇನೆ. ಕೋಣೆಯವರೆಲ್ಲ ನಗುತ್ತಾರೆ.

ಗುತ್ತಲದಿಂದ ಹಾವೇರಿಗೆ ಮಳೆಗಾಲದ ರಸ್ತೆ ಹೇಗಿರುತ್ತದೆ ಎಂದು ನನಗೆ ಗೊತ್ತು, ಖಾಲಿ ಲಾರಿಯನ್ನೇ ಅಲ್ಲಿ ಕೆಸರಿನಲ್ಲಿ ಹೂಳಿಸಿಕೊಂಡಿದ್ದೇನೆ. ದಿನ ತುಂಬುವ ಮೊದಲೇ ಅವಳು ಹಾವೇರಿಯಲ್ಲಿ ದವಾಖಾನೆಯ ಹತ್ತಿರ ಇರಬೇಕು. ನೀವು ಯಾರೂ ತೊಂದರೆ ತೆಗೆದುಕೊಳ್ಳಬೇಡಿ. ಹದಿನೆಂಟಕ್ಕೆ ನಾನು ಗುತ್ತಲದಲ್ಲಿರುತ್ತೇನೆ. ನಾನೇ ಅವಳನ್ನು ಕರೆದುಕೊಂಡು ಹೋಗುತ್ತೇನೆ. ಇದನ್ನು ಅವಳಿಗೆ ಓದಿ ಹೇಳು. ಎರಡು ಸಲ ಓದು, ಒಂದು ಸಲಕ್ಕೆ ಅವಳು ನಂಬುವುದಿಲ್ಲ.

ಇಸಾಕ


ಬ್ಯಾಡಗಿ
೯ ಆಗಸ್ಟ್ ೧೯೯೦

ಇಸಾಕಾ,

ಎಲ್ಲಿದ್ದೀಯ?

ರೇಡಿಯೋದಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಹೇಳುತ್ತಾರೆ. ಇರಾಕಿನ ಸೈನ್ಯ ಬಂದು ಕುಳಿತಿದೆ, ವಿಮಾನ ನಿಲ್ದಾಣ ಮುಚ್ಚಿದೆ, ಹಡಗೂ ಇಲ್ಲ ಎನ್ನುತ್ತಾರೆ. ಮೊನ್ನೆ ನಿನಗೆ ಬರೆದ ಕಾಗದವನ್ನು ಅಂಚೆ ಕಚೇರಿಯ ತಿರಕಪ್ಪನವರು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ಇದು ಹೋಗೂದಿಲ್ರಿ ಬಾಯಾರ” ಎಂದರು. ಆದರೂ ಮುದ್ರೆ ಒತ್ತಿ ಚೀಲಕ್ಕೆ ಹಾಕಿದರು. ಮುದ್ರೆ ಒತ್ತಿದರೆ ನನಗೆ ಸಮಾಧಾನ ಆಗುತ್ತದೆ ಎಂದು ತಿಳಿದಿರಬೇಕು.

ರಹಿಮತ ಗುತ್ತಲದಲ್ಲಿದ್ದಾಳೆ. ಮೈ ಚೆನ್ನಾಗಿದೆ. ಕಾಲು ಸ್ವಲ್ಪ ಬಾತಿದೆ. ಅವಳಿಗೆ ಯುದ್ಧದ ಸುದ್ದಿ ತಿಳಿಯದ ಹಾಗೆ ಮಾಡಬೇಕೆಂದು ಯೂಸುಫಸಾಬರು ರೇಡಿಯೋ ತೆಗೆದು ಪಕ್ಕದ ಮನೆಯಲ್ಲಿಟ್ಟಿದ್ದರಂತೆ, ಆದರೆ ಗೋಡೆಯಾಚೆಯಿಂದ ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ. ಬರುವ ವಾರ ನಾನು ಹೋಗಿ ಅವಳನ್ನು ಹಾವೇರಿಗೆ ಕರೆತರುತ್ತೇನೆ. ಅದರ ಚಿಂತೆ ನಿನಗೆ ಬೇಡ. ನೀನು ಜೀವ ಉಳಿಸಿಕೋ.

ನಿನ್ನ ಅಕ್ಕ
ಹಾಜಿರಾಬಿ


ಜೋರ್ಡಾನ್ ಗಡಿಯ ಡೇರೆ
೪ ಸೆಪ್ಟೆಂಬರ್ ೧೯೯೦

ಅಕ್ಕಾ,

ಬದುಕಿದ್ದೇನೆ. ಕೋಲಾರದ ಒಬ್ಬ ಮನುಷ್ಯ ಹೆಂಡತಿ ಮಕ್ಕಳೊಂದಿಗೆ ನಾಳೆ ವಿಮಾನ ಹತ್ತುತ್ತಾನೆ. ಅವನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ, ಮುಂಬಯಿಯಲ್ಲಿ ಪೆಟ್ಟಿಗೆಗೆ ಹಾಕುತ್ತಾನೆ.

ಕುವೈತಿನಿಂದ ಬಸ್ಸು ಹಿಡಿದು ಬಸ್ರಾ, ಅಲ್ಲಿಂದ ಬಾಗ್ದಾದ್, ಅಲ್ಲಿಂದ ಈ ಮರಳು. ನಾನು ಕಂಡ ಹಾದಿಗಳಲ್ಲೇ ಇದು ಉದ್ದವಾದದ್ದು, ಮತ್ತು ಇದರಲ್ಲಿ ಸ್ಟೇರಿಂಗ್ ನನ್ನ ಕೈಯಲ್ಲಿರಲಿಲ್ಲ. ಊರಿರುವುದು ಮೂಡಣಕ್ಕೆ, ಬಸ್ಸು ಹೋಗುವುದು ಪಡುವಣಕ್ಕೆ. ಊರಿಗೆ ಹೋಗಬೇಕಾದರೆ ಊರಿಗೆ ಬೆನ್ನು ಮಾಡಿ ಹೋಗಬೇಕಾಯಿತು. ಇದನ್ನು ಪಕ್ಕದವನಿಗೆ ಹೇಳಿದರೆ ಅವನು ಬಾಯಿ ಮುಚ್ಚು ಎಂದ.

ಇಲ್ಲಿ ಎಷ್ಟು ಸಾವಿರ ಜನ ಇದ್ದೇವೋ ಲೆಕ್ಕವಿಲ್ಲ. ಗಾಳಿ ಎದ್ದರೆ ಅನ್ನದಲ್ಲಿ ಮರಳು. ಮೂರು ವರ್ಷ ನೀರಿನ ಟ್ಯಾಂಕರ್ ಓಡಿಸಿದವನು ನಾನು, ಈಗ ಒಂದು ಬಾಟಲಿ ಹಿಡಿದು ಟ್ಯಾಂಕರಿನ ಹಿಂದೆ ಓಡುತ್ತೇನೆ. ಹೆಂಗಸರು, ಮಕ್ಕಳು, ರೋಗಿಗಳನ್ನು ಮೊದಲು ಕಳಿಸುತ್ತಾರೆ. ಒಂಟಿ ಗಂಡಸರ ಸರದಿ ಕೊನೆಗೆ. ಇಲ್ಲಿಂದ ಮುಂಬಯಿಗೆ ಐದಾರು ತಾಸಂತೆ. ದಿನವೂ ತಲೆಯ ಮೇಲೆ ವಿಮಾನ ಹೋಗುವುದನ್ನು ನೋಡುತ್ತೇನೆ.

ಇಷ್ಟು ಹೊತ್ತಿಗೆ ಹೆರಿಗೆಯಾಗಿರಬೇಕು. ರಹಿಮತ ನನ್ನ ಮೇಲೆ ಸಿಟ್ಟಾಗಿರಬೇಕು. ಎಷ್ಟು ಬೇಕಾದರೂ ಸಿಟ್ಟಾಗಲಿ ಎಂದು ಹೇಳು. ನಮ್ಮ ರಾಯಭಾರ ಕಚೇರಿಯವರು ಅಮ್ಮಾನಿನಿಂದ ಬರುತ್ತಾರೆ, ಕಾಗದ ಇದ್ದರೆ ಹೆಸರು ಕೂಗಿ ಕೊಡುತ್ತಾರೆ. ಆ ವಿಳಾಸಕ್ಕೆ ಬರೆ. ಮಗು ಗಂಡೋ ಹೆಣ್ಣೋ, ಅಷ್ಟೇ ಬರೆದರೂ ಸಾಕು.

ಇಸಾಕ


ಬ್ಯಾಡಗಿ
೧೨ ಸೆಪ್ಟೆಂಬರ್ ೧೯೯೦

ಗುತ್ತಲದ ಬೀಗರಾದ ಯೂಸುಫಸಾಬರಿಗೆ ಹಾಜಿರಾಬಿಯ ಸಲಾಮು.

ಇಸಾಕನ ಕಾಗದ ನಿನ್ನೆ ಬಂತು. ಬದುಕಿದ್ದಾನೆ. ಜೋರ್ಡಾನಿನ ಮರುಭೂಮಿಯಲ್ಲಿ ಡೇರೆಯಲ್ಲಿದ್ದಾನೆ. ರಹಿಮತ ಹೆತ್ತಳೇ, ಗಂಡೋ ಹೆಣ್ಣೋ ಎಂದು ಕೇಳಿದ್ದಾನೆ.

ನಿಮ್ಮ ಮಗಳ ಮೇಲಿನ ಮಣ್ಣು ಇನ್ನೂ ಒಣಗಿಲ್ಲ. ಇಂಥ ಹೊತ್ತಿನಲ್ಲಿ ನಿಮ್ಮನ್ನು ಇದನ್ನು ಕೇಳಲು ನನಗೆ ಬಾಯಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅವನು ನಿಮಗೂ ಬರೆದಿರಬಹುದು. ದಯಮಾಡಿ ರಹಿಮತ ತೀರಿಕೊಂಡ ಸುದ್ದಿಯನ್ನು ಅವನಿಗೆ ಬರೆಯಬೇಡಿರಿ. ಗುರುತಿಲ್ಲದವರ ನಡುವೆ, ಮರಳಿನಲ್ಲಿ ಕೂತು ಅವನು ಅದನ್ನು ಓದುವುದು ಬೇಡ. ಅಲ್ಲಿ ಅವನನ್ನು ಹಿಡಿದುಕೊಳ್ಳುವವರು ಯಾರೂ ಇಲ್ಲ. ಮುಂಬಯಿಗೆ ಬಂದಾಗ ನಾನೇ ಹೋಗಿ ನನ್ನ ಬಾಯಿಂದ ಹೇಳಿ, ಕೈ ಹಿಡಿದು ನಿಮ್ಮ ಮನೆಗೆ ಕರೆತರುತ್ತೇನೆ.

ಮಗು ನಿಮ್ಮಲ್ಲೇ ಇರಲಿ. ನಿಮ್ಮ ಸೊಸೆ ತನ್ನ ಕೂಸಿನ ಜತೆಗೆ ಅದಕ್ಕೂ ಹಾಲು ಕೊಡುತ್ತಿದ್ದಾಳೆ, ಆಕೆಯ ಋಣ ನಾವು ತೀರಿಸುವುದಲ್ಲ. ಭಾನುವಾರ ಬರುತ್ತೇನೆ.

ಹಾಜಿರಾಬಿ


ಬ್ಯಾಡಗಿ
೧೨ ಸೆಪ್ಟೆಂಬರ್ ೧೯೯೦

ಪ್ರೀತಿಯ ಇಸಾಕಾ,

ಹೆಣ್ಣು ಮಗು. ಆಗಸ್ಟ್ ಇಪ್ಪತ್ತಾರರ ಬೆಳಿಗ್ಗೆ ಹುಟ್ಟಿತು. ತಲೆ ತುಂಬ ಕೂದಲು, ದನಿ ದೊಡ್ಡದು. ಹಾಲು ಚೆನ್ನಾಗಿ ಕುಡಿಯುತ್ತದೆ. ಹೆಸರು ನೀನು ಬಂದ ಮೇಲೆ.

ನಾವೆಲ್ಲ ನಿನ್ನ ದಾರಿ ಕಾಯುತ್ತಿದ್ದೇವೆ. ಮುಂಬಯಿಗೆ ಇಳಿದ ಕೂಡಲೇ ಟೆಲಿಗ್ರಾಂ ಕೊಡು. ಎಲ್ಲಿಗೂ ಹೊರಡಬೇಡ, ನಾನೇ ಬಂದು ಕರೆದುಕೊಂಡು ಬರುತ್ತೇನೆ. ಹೊಟ್ಟೆಗೆ ತಿನ್ನು. ಜನರ ಜತೆ ಜಗಳವಾಡಬೇಡ.

ನಿನ್ನ ಅಕ್ಕ
ಹಾಜಿರಾಬಿ


ಮುಂಬಯಿ
೬ ಅಕ್ಟೋಬರ್ ೧೯೯೦

ಅಕ್ಕಾ,

ಮೊನ್ನೆ ಇಳಿದೆ. ಟೆಲಿಗ್ರಾಂ ಕೊಡಲಿಲ್ಲ. ಟೆಲಿಗ್ರಾಮಿಗಿಂತ ಮೊದಲೇ ಮನೆ ಮುಟ್ಟಬೇಕೆಂಬ ಹುಚ್ಚು ಇತ್ತು. ವಿಮಾನ ನಿಲ್ದಾಣದಿಂದ ನೇರ ಮಸ್ಜಿದ್ ಬಂದರಿಗೆ ಹೋದೆ, ಬ್ಯಾಡಗಿಯ ಲಾರಿ ಯಾವುದಾದರೂ ಇದ್ದೇ ಇರುತ್ತದೆ ಎಂದು. ಇತ್ತು. ಮೈಲಪ್ಪಣ್ಣನದೇ.

ನನ್ನನ್ನು ನೋಡಿದವನೇ ಬಂದು ತಬ್ಬಿಕೊಂಡ. “ಆಗಬಾರದ್ದು ಆಗಿಹೋತು ಇಸಾಕಾ. ಗುತ್ತಲಕ ನಾನೂ ಹೋಗಿದ್ದೆ. ಒಂದು ಹಿಡಿ ಮಣ್ಣು ಹಾಕಿ ಬಂದೆ” ಎಂದ.

ಯಾರಿಗೆ ಎಂದು ನಾನು ಕೇಳಿದೆ.

ಅವನು ನನ್ನ ಮುಖ ನೋಡಿದ. ಹೆಗಲ ಮೇಲಿದ್ದ ಕೈ ತೆಗೆದ. ಆಮೇಲೆ ಹಮಾಲರು ಚೀಲ ಇಳಿಸುತ್ತಿದ್ದ ಕಡೆ ತಿರುಗಿ ನಿಂತುಬಿಟ್ಟ.

ನಿನ್ನ ಕಾಗದ ನನಗೆ ಡೇರೆಯಲ್ಲಿ ಸಿಕ್ಕಿತ್ತು. ಅದನ್ನು ಎಲ್ಲರಿಗೂ ಓದಿ ಹೇಳಿದ್ದೆ. ಕೇರಳದ ಮುದುಕನೊಬ್ಬ ಬಚ್ಚಿಟ್ಟುಕೊಂಡಿದ್ದ ಖರ್ಜೂರವನ್ನು ತೆಗೆದು ಎಲ್ಲರಿಗೂ ಹಂಚಿದ. ಆ ಕಾಗದದಲ್ಲಿ ರಹಿಮತಳ ಹೆಸರೇ ಇರಲಿಲ್ಲ. ಅಷ್ಟು ಸಲ ಓದಿದೆ, ಅದು ನನಗೆ ಕಾಣಲಿಲ್ಲ ಅಕ್ಕಾ. ಅವಳು ಮಣ್ಣಿನಲ್ಲಿದ್ದಾಗ ನಾನು ಅವಳಿಗೆ ಏನು ಒಯ್ಯಲಿ, ಬರಿಗೈಲಿ ಹೇಗೆ ಹೋಗಲಿ ಎಂದು ಚಿಂತೆ ಮಾಡುತ್ತ ಮಲಗುತ್ತಿದ್ದೆ. ನೀನು ಒಳ್ಳೆಯದಕ್ಕೇ ಮಾಡಿದ್ದೀಯ ಎಂದು ತಿಳಿಯುತ್ತದೆ. ತಿಳಿದೂ ಸಿಟ್ಟು ಇಳಿಯುವುದಿಲ್ಲ.

ಮೈಲಪ್ಪಣ್ಣ ಲಾರಿ ಹತ್ತಿಸಿಕೊಂಡ. ಸಾತಾರಾದವರೆಗೆ ಬಂದೆ. ಅಲ್ಲಿ ಊಟಕ್ಕೆ ನಿಲ್ಲಿಸಿದಾಗ ಕೊಲ್ಹಾಪುರಕ್ಕೆ ಇಷ್ಟು, ಬೆಳಗಾವಿಗೆ ಇಷ್ಟು ಎಂದು ಬರೆದ ಹಲಗೆ ಕಂಡಿತು. ಇನ್ನು ಒಂದು ದಿನದ ಹಾದಿ. ಒಂದು ದಿನದ ನಂತರ ಗುತ್ತಲದ ಆ ಮನೆಯ ಬಾಗಿಲಲ್ಲಿ ನಿಲ್ಲಬೇಕು. ನನ್ನ ಕಾಲು ಲಾರಿ ಹತ್ತಲಿಲ್ಲ. ಮೈಲಪ್ಪಣ್ಣ ಬಹಳ ಕರೆದ, ಬೈದ, ಕೊನೆಗೆ ಅತ್ತ. ನಾನು ಮುಂಬಯಿ ಕಡೆ ಹೋಗುವ ಇನ್ನೊಂದು ಲಾರಿ ಹಿಡಿದು ಹೊರಳಿ ಬಂದೆ. ಡೋಂಗ್ರಿಯಲ್ಲಿ ಒಂದು ಕೋಣೆಯಲ್ಲಿದ್ದೇನೆ, ವಿಳಾಸ ಈ ಕಾಗದದ ಹಿಂಬದಿಗೆ ಬರೆದಿದ್ದೇನೆ.

ಹೇಗಾಯಿತು ಬರೆ. ಈ ಸಲ ಏನನ್ನೂ ಮುಚ್ಚಬೇಡ. ಮುಚ್ಚಿದರೆ ನನಗೆ ಗೊತ್ತಾಗುತ್ತದೆ.

ಇಸಾಕ


ಬ್ಯಾಡಗಿ
೧೫ ಅಕ್ಟೋಬರ್ ೧೯೯೦

ಇಸಾಕಾ,

ಕೇಳಿದ್ದೀಯ, ಬರೆಯುತ್ತೇನೆ.

ಆಗಸ್ಟ್ ಹತ್ತೊಂಬತ್ತಕ್ಕೆ ನಾನು ಗುತ್ತಲಕ್ಕೆ ಹೋದೆ. ಹಾವೇರಿಯಲ್ಲಿ ನನ್ನ ಜತೆ ಕಲಿತ ಭರಮವ್ವನ ಮನೆ ಇದೆ, ದವಾಖಾನೆ ಎರಡು ಓಣಿಯ ಆಚೆ. ಅಲ್ಲಿ ರಹಿಮತಳನ್ನು ಇರಿಸಲು ಎಲ್ಲ ಗೊತ್ತು ಮಾಡಿ, ಬಂಡಿಯನ್ನೂ ಹೇಳಿದ್ದೆ. ಅವಳು ಒಪ್ಪಲಿಲ್ಲ. “ಅವರು ಬಂದು ಕರಕೊಂಡು ಹೋಗ್ತೇನಿ ಅಂತ ಬರದಾರಲ್ರಿ ಅಕ್ಕಾ. ಬಂದಾಗ ನಾ ಇಲ್ಲಿ ಇರ್ಲಿಲ್ಲಂದ್ರ ಹುಡುಕ್ಯಾಡ್ತಾರ” ಎಂದಳು. ವಿಮಾನ ಇಲ್ಲ, ಹಾದಿ ಮುಚ್ಚಿದೆ ಎಂದು ಹೇಳಿದೆ. “ಬ್ಯಾರೆ ಹಾದಿ ಇರ್ತಾವು. ಅವರು ಡ್ರೈವರ್ ಅದಾರ, ಅವರಿಗೆ ಗೊತ್ತಿರ್ತೈತಿ” ಎಂದಳು. ಬೈದೆ, ಅತ್ತೆ. ಎಳೆದುಕೊಂಡು ಹೋಗುವುದೊಂದು ಬಾಕಿ ಉಳಿಯಿತು. ಎಳೆದೊಯ್ಯಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಅವಳ ಜತೆ ಅಲ್ಲೇ ಉಳಿದೆ.

ಇಪ್ಪತ್ತಾರರ ಬೆಳಿಗ್ಗೆ ಸೂಲಗಿತ್ತಿ ಬಂದು ಹೆರಿಗೆ ಮಾಡಿಸಿದಳು. ತ್ರಾಸಾಗಲಿಲ್ಲ. ಮಗುವನ್ನು ತೋರಿಸಿದೆವು, ಮುಟ್ಟಿ ನೋಡಿದಳು. ಅದಾದ ಮೇಲೆ ರಕ್ತ ನಿಲ್ಲಲಿಲ್ಲ. ಯೂಸುಫಸಾಬರು ಜೀಪು ತಂದರು. ಮಳೆ ಹಿಡಿದಿತ್ತು. ಹಳ್ಳ ತುಂಬಿ ರಸ್ತೆಯ ಮೇಲೆ ಹರಿಯುತ್ತಿತ್ತು, ಇಳಿಯಲಿ ಎಂದು ನಿಂತೆವು, ಇಳಿಯಲಿಲ್ಲ. ಸುತ್ತು ಹಾದಿ ಹಿಡಿದೆವು. ಅವಳ ತಲೆ ನನ್ನ ತೊಡೆಯ ಮೇಲಿತ್ತು. “ಹಾವೇರಿ ಎಷ್ಟ ದೂರ ಐತ್ರಿ?” ಎಂದು ಕೇಳಿದಳು. ಬಂತು ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು. ಬಂತು ಎಂದೆ. ಮೂರನೆಯ ಸಲ ಕೇಳಲಿಲ್ಲ. ಹಾವೇರಿಯ ಮನೆಗಳು ಕಂಡಾಗ ನಾನು ಅವಳಿಗೆ, ನೋಡು ಈಗ ಖರೇನೇ ಬಂತು ಎಂದು ಹೇಳಿದೆ. ಅವಳ ಕೈ ತಣ್ಣಗಿತ್ತು. ಜೀಪನ್ನು ಅಲ್ಲಿಂದಲೇ ತಿರುಗಿಸಿದೆವು.

ಇದರಲ್ಲಿ ಯಾವುದನ್ನೂ ಬಿಟ್ಟಿಲ್ಲ, ಯಾವುದನ್ನೂ ಸೇರಿಸಿಲ್ಲ. ಈಗ ಬಾ. ಯಾರೂ ನಿನ್ನನ್ನು ಏನೂ ಅನ್ನುವುದಿಲ್ಲ. ಯೂಸುಫಸಾಬರು ದಿನಾ ಬಸ್ ಸ್ಟ್ಯಾಂಡಿಗೆ ಹೋಗಿ ಬರುತ್ತಿದ್ದಾರೆ.

ನಿನ್ನ ಅಕ್ಕ
ಹಾಜಿರಾಬಿ


ಬ್ಯಾಡಗಿ
೨೦ ಫೆಬ್ರುವರಿ ೧೯೯೧

ಇಸಾಕಾ,

ಇದು ನಾಲ್ಕನೆಯ ಕಾಗದ. ಹಿಂದಿನ ಮೂರಕ್ಕೂ ಉತ್ತರವಿಲ್ಲ, ವಾಪಸೂ ಬಂದಿಲ್ಲ, ಅಂದರೆ ನಿನಗೆ ಮುಟ್ಟಿವೆ.

ನೀನು ಬರಬಹುದೆಂದು ನಾಮಕರಣವನ್ನು ಮುಂದೂಡಿ ಮುಂದೂಡಿ ಕೊನೆಗೆ ಯೂಸುಫಸಾಬರೇ ಹೆಸರಿಟ್ಟರು. ಖತೀಜಾ. ಈಗ ಕೂಡಿಸಿದರೆ ಕೂಡುತ್ತಾಳೆ.

ನೀನು ಟ್ಯಾಕ್ಸಿ ಓಡಿಸುತ್ತಿದ್ದೀಯ ಎಂದು ಮೈಲಪ್ಪ ಹೇಳಿದ. ಮಸ್ಜಿದ್ ಬಂದರಿನ ಕಡೆ ಬಾಡಿಗೆ ಬಂದರೆ ಒಲ್ಲೆ ಅನ್ನುತ್ತೀಯಂತೆ. ಅವನು ಒಮ್ಮೆ ಕೂಗಿದಾಗ ಕೇಳಿಸದವನ ಹಾಗೆ ಹೋದೆಯಂತೆ. ನನ್ನ ಮೇಲೆ ಸಿಟ್ಟಿದ್ದರೆ ನನ್ನ ಮನೆಗೆ ಬರಬೇಡ. ಗುತ್ತಲಕ್ಕೆ ಹೋಗು.

ನಿನ್ನ ಅಕ್ಕ


ಮುಂಬಯಿ
೧೧ ಡಿಸೆಂಬರ್ ೧೯೯೧

ಅಕ್ಕನಿಗೆ,

ನಾಳೆ ಕುವೈತಿಗೆ ಹೊರಡುತ್ತಿದ್ದೇನೆ. ಅಲ್ಲಿ ಮತ್ತೆ ಜನ ಬೇಕಾಗಿದ್ದಾರೆ. ಮಗುವಿಗೆ ಬೇಕಾದದ್ದನ್ನು ತಿಂಗಳಾ ತಿಂಗಳಾ ಕಳಿಸುತ್ತೇನೆ.

ನಿನ್ನ ಮೇಲೆ ಸಿಟ್ಟಿಲ್ಲ. ಎಲ್ಲ ಬರೆ ಎಂದವನು ನಾನೇ. ‘ನಾನೇ ಬಂದು ಕರೆದುಕೊಂಡು ಹೋಗುತ್ತೇನೆ’ ಎಂದು ನಾನು ಬರೆಯದೇ ಇದ್ದಿದ್ದರೆ ಅವಳು ನಿನ್ನ ಜತೆ ಹಾವೇರಿಗೆ ಹೋಗುತ್ತಿದ್ದಳು. ಟ್ಯಾಕ್ಸಿಯಲ್ಲಿ ಯಾರಾದರೂ ಎಷ್ಟು ಹೊತ್ತಿನ ಹಾದಿ ಎಂದು ಕೇಳಿದರೆ ನನಗೆ ಬಾಯಿ ಬರುವುದಿಲ್ಲ. ಜನ ಇವನು ಮೂಗ ಎಂದುಕೊಳ್ಳುತ್ತಾರೆ.

ಯೂಸುಫಸಾಬರ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ? ಮಗುವಿನ ಫೋಟೋ ಕಳಿಸಬೇಡ. ಅವಳ ಹಾಗೆ ಇದ್ದರೂ ನೋಡಲಾರೆ, ಇಲ್ಲದಿದ್ದರೂ ನೋಡಲಾರೆ.

ಇಸಾಕ


ರಾಣೆಬೆನ್ನೂರು
೨೩ ಜೂನ್ ೧೯೯೬

ಇಸಾಕಾ,

ನನಗೆ ರಾಣೆಬೆನ್ನೂರಿಗೆ ವರ್ಗವಾಗಿದೆ. ಹಲಗೇರಿ ರಸ್ತೆಯ ಹತ್ತಿರ ಎರಡು ಕೋಣೆಯ ಮನೆ ಹಿಡಿದಿದ್ದೇನೆ. ವಿಳಾಸ ಬದಲಾಗಿದೆ ಎಂದು ತಿಳಿಸಲಿಕ್ಕೆ ಇದನ್ನು ಬರೆಯುತ್ತಿದ್ದೇನೆ. ನೀನು ವರ್ಷಕ್ಕೊಮ್ಮೆ ಹಬ್ಬಕ್ಕೆ ಎರಡು ಸಾಲು ಹಾಕುತ್ತೀಯ, ಅದೂ ತಪ್ಪಬಾರದು.

ಖತೀಜಾ ಒಂದನೆಯ ಇಯತ್ತೆ ಸೇರಿದಳು, ಗುತ್ತಲದ ಶಾಲೆಯಲ್ಲೇ. ಸೇರಿಸುವ ದಿನ ನಾನೂ ಹೋಗಿದ್ದೆ. ತಂದೆಯ ಹೆಸರು ಕೇಳಿದಾಗ ಯೂಸುಫಸಾಬರು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು. ತಂದೆ ಎಲ್ಲಿರುತ್ತಾರೆ ಎಂದು ಮಾಸ್ತರರು ಕೇಳಿದರು. “ವಿಮಾನದಾಗ” ಎಂದಳು. ಯಾರು ಹೇಳಿಕೊಟ್ಟರೋ. ಮಾಸ್ತರರು ನಕ್ಕರು. ಅವಳು ನಗಲಿಲ್ಲ.

ಮೊದಲು ನಿನ್ನನ್ನು ಬಹಳ ಕೇಳುತ್ತಿದ್ದಳು. ಈಗೀಗ ಕೇಳುವುದಿಲ್ಲ. ಯೂಸುಫಸಾಬರಿಗೆ ಕಣ್ಣು ಮಂಜಾಗಿದೆ. ಅವರ ಕಣ್ಣು ಪೂರ್ತಿ ಹೋಗುವ ಮೊದಲು ನೀನು ಬರಬೇಕೆಂದು ಅವರ ಆಸೆ. ಇಷ್ಟೇ.

ನಿನ್ನ ಅಕ್ಕ
ಹಾಜಿರಾಬಿ


ಮುಂಬಯಿ
೧೨ ಡಿಸೆಂಬರ್ ೧೯೯೬

ಅಕ್ಕಾ,

ನಾನು ಬಂದಿದ್ದೆ.

ನಿನಗೆ ತಿಳಿಸಲಿಲ್ಲ. ತಿಳಿಸಿದರೆ ಧೈರ್ಯ ಹೋಗುತ್ತಿತ್ತು. ವಿಮಾನ ಇಳಿದವನೇ ಹುಬ್ಬಳ್ಳಿಯ ಬಸ್ಸು ಹತ್ತಿದೆ, ಕಿಟಕಿಯ ಪರದೆ ಎಳೆದುಕೊಂಡು ಕೂತೆ. ಸಾತಾರಾ ಯಾವಾಗ ದಾಟಿತೋ ನೋಡಲಿಲ್ಲ. ಹುಬ್ಬಳ್ಳಿಯಿಂದ ಹಾವೇರಿ, 
ಹಾವೇರಿಯಿಂದ ಗುತ್ತಲ. ಮೊನ್ನೆ ಮಂಗಳವಾರ ಬೆಳಿಗ್ಗೆ ಗುತ್ತಲದಲ್ಲಿ ಇಳಿದೆ.

ಮೊದಲು ಕಬರಸ್ತಾನಕ್ಕೆ ಹೋದೆ. ಯಾವುದು ಎಂದು ಒಬ್ಬ ಮುದುಕ ತೋರಿಸಿದ. ನಾನು ಯಾರು ಎಂದು ಕೇಳಿದ, ದೂರದವನು ಎಂದೆ. ಯೂಸುಫಸಾಬರು ಚೆನ್ನಾಗಿ ಕಲ್ಲು ಕಟ್ಟಿಸಿದ್ದಾರೆ. ಫಾತಿಹಾ ಓದಿದೆ. ಅವಳಿಗೆ ಹೇಳಬೇಕೆಂದು ಆರು ವರ್ಷ ಕೂಡಿಟ್ಟ ಮಾತು ಒಂದೂ ನೆನಪಾಗಲಿಲ್ಲ. ಬಿಸಿಲು ಏರುವವರೆಗೆ ಅಲ್ಲೇ ಕೂತಿದ್ದೆ.

ಆಮೇಲೆ ಮನೆಯ ಕಡೆ ಹೊರಟೆ. ಹಿಟ್ಟಿನ ಗಿರಣಿಯ ಮೂಲೆಯವರೆಗೆ ಬಂದೆ. ಅಲ್ಲಿಂದ ಮುಂದೆ ಆಗಲಿಲ್ಲ. ಗಿರಣಿಯ ಸದ್ದಿನಲ್ಲಿ ನಿಂತು ನಿಂತು, ತಿರುಗಿ ಬಸ್ ಸ್ಟ್ಯಾಂಡಿಗೆ ಹೋದೆ.

ಆದರೆ ಅವಳನ್ನು ನೋಡಿದೆ ಅಕ್ಕಾ. ಅದನ್ನು ಬರೆಯಲಿಕ್ಕೇ ಈ ಕಾಗದ. ಮಧ್ಯಾಹ್ನ ಶಾಲೆ ಬಿಟ್ಟಾಗ ನಾಲ್ಕಾರು ಹುಡುಗಿಯರು ಪೇರಲ ಹಣ್ಣಿನ ಬುಟ್ಟಿಯ ಹತ್ತಿರ ಬಂದರು. ಅದರಲ್ಲಿ ಒಬ್ಬಳು, ಕೆಂಪು ಸ್ವೆಟರು, ಒಂದು ಕಾಲಿನ ಮೇಲೆ ನಿಂತು ಇನ್ನೊಂದು ಕಾಲಿನಿಂದ ಮೊಣಕಾಲು ಕೆರೆದುಕೊಳ್ಳುತ್ತಿದ್ದಳು. ರಹಿಮತ ಒಲೆಯ ಮುಂದೆ ಹಾಗೇ ನಿಲ್ಲುತ್ತಿದ್ದಳು, ನಿನಗೆ ನೆನಪಿರಬೇಕು. ಗದ್ದವೂ ಅದೇ. ಹಣ್ಣಿನವಳ ಜತೆ ನಮ್ಮ ಮನೆಯ ಉರ್ದುವಿನಲ್ಲೇ ಮಾತಾಡಿದಳು. ಹೆಸರು ಕೇಳಲಿಲ್ಲ. ಕೇಳುವುದು ಬೇಕಾಗಿಯೂ ಇರಲಿಲ್ಲ. ಒಂದು ದೊಡ್ಡ ಹಣ್ಣು ಕೊಡಿಸಿದೆ. ತೆಗೆದುಕೊಂಡು, “ಯಾರ ಮನಿಗೆ ಬಂದೀರಿ?” ಎಂದು ಕೇಳಿದಳು. ಬಸ್ಸು ಬಂತು ಎಂದು ಹೇಳಿದೆ. ಬಸ್ಸು ಬಂದಿರಲಿಲ್ಲ.

ಬಸ್ಸು ಹೊರಟಾಗ ಕೈ ಬೀಸಿದಳು. ಹಣ್ಣು ತಿನ್ನುತ್ತಲೇ.

ಆ ದಿನ ಬಸ್ಸಿನಲ್ಲಿ ಕೂತಲ್ಲೇ ನಿದ್ದೆ ಬಂತು. ಎಷ್ಟು ವರ್ಷದ ಮೇಲೋ. ನಾಳೆ ಹೊರಡುತ್ತೇನೆ. ಅವಳಿಗೆ ಹೇಳಬೇಡ. ಬರುವ ವರ್ಷ ನೇರ ಮನೆಗೇ ಬರುತ್ತೇನೆ ಎಂದು ಈಗ ಅನ್ನಿಸುತ್ತಿದೆ. ಒಂದು ಸಲ ಮಾತಾಡಿದ್ದೇನಲ್ಲ, ಇನ್ನು ಅವಳ ಹತ್ತಿರ ಹೋಗುವುದು ಅಷ್ಟು ಕಷ್ಟವಾಗಲಿಕ್ಕಿಲ್ಲ.

ಇಸಾಕ


ರಾಣೆಬೆನ್ನೂರು
೨೪ ಡಿಸೆಂಬರ್ ೧೯೯೬

ಇಸಾಕಾ,

‘ಹೌದು, ಅವಳೇ’ ಎಂದು ಒಂದು ಕಾಗದ ಬರೆದಿದ್ದೆ. ಅಂಚೆಗೆ ಹಾಕಲು ಹೋಗಿ ಹಾಕದೆ ತಿರುಗಿ ಬಂದು ಹರಿದೆ.

ಖತೀಜಾಗೆ ಆ ಭಾನುವಾರದಿಂದ ಜ್ವರವಿತ್ತು. ಸುದ್ದಿ ತಿಳಿದು ಸೋಮವಾರವೇ ನಾನು ಗುತ್ತಲಕ್ಕೆ ಹೋಗಿದ್ದೆ. ಮಂಗಳವಾರ ಅವಳು ಶಾಲೆಗೆ ಹೋಗಿಲ್ಲ, ಹಾಸಿಗೆ ಬಿಟ್ಟು ಎದ್ದಿಲ್ಲ. ಅವಳ ಹತ್ತಿರ ಕೆಂಪು ಸ್ವೆಟರು ಇಲ್ಲ. ನೀನು ಹಣ್ಣು ಕೊಡಿಸಿದ ಹುಡುಗಿ ಯಾರ ಮಗಳೋ ನನಗೆ ತಿಳಿಯದು.

ಖತೀಜಾ ರಹಿಮತಳ ಹಾಗಿಲ್ಲ. ಅವಳು ನಿನ್ನ ಹಾಗಿದ್ದಾಳೆ.

ಹಿಟ್ಟಿನ ಗಿರಣಿಯ ಮೂಲೆಯಿಂದ ಯೂಸುಫಸಾಬರ ಮನೆ ನಾಲ್ಕನೆಯದು. ಆ ಹೊತ್ತಿಗೆ ಬಿಸಿಲು ಏರಿತ್ತು ಎಂದು ಬರೆದಿದ್ದೀಯ. ಬಿಸಿಲು ಏರಿದಾಗ ಅವಳ ಮೈ ಇನ್ನೂ ಕಾದಿತ್ತು. ನಾನು ಕಟ್ಟೆಯ ಮೇಲೆ ಕೂತು, ಅವಳ ಹಣೆಗೆ ಹಾಕುವ ಅರಿವೆಯನ್ನು ತೊಯ್ಸಿ ತೊಯ್ಸಿ ಹಿಂಡುತ್ತಿದ್ದೆ. ಗಿರಣಿ ನಿಂತಾಗ ನೀನು ಒಂದು ಸಲ ಕೂಗಿದ್ದರೂ ನನಗೆ ಕೇಳುತ್ತಿತ್ತು.

ನಿನ್ನ ಅಕ್ಕ
ಹಾಜಿರಾಬಿ